ಉಣುಗಿನ ಬೆನ್ನು ಹತ್ತಿದ ಪ್ರಬಂಧಗಳು

ಮಂಗನ ಕಾಯಿಲೆಯ ಬಗ್ಗೆ ಮೊದಲ ವೈದ್ಯಕೀಯ ಪ್ರಬಂಧಗಳು ಅಚ್ಚಾದದ್ದು 1957ರಲ್ಲಿ, ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್’ ಎಂಬ ಪತ್ರಿಕೆಯಲ್ಲಿ. ಲಂಡನ್ನಿನದೂ ಅಲ್ಲ, ನ್ಯೂಯಾರ್ಕಿನದೂ ಅಲ್ಲ, ಮುಂಬಯಿಯ ಪತ್ರಿಕೆ. ಜಗತ್ತಿಗೇ ಹೊಸದಾದ ವೈರಸ್ಸೊಂದನ್ನು ಹಿಡಿದ ವಿಜ್ಞಾನಿ ಇವತ್ತು ಹೀಗೆ ಮಾಡಿದರೆ ಜೊತೆಯವರು ತಲೆ ಚಚ್ಚಿಕೊಂಡಾರು. ‘ನೇಚರ್’, ‘ಲ್ಯಾನ್ಸೆಟ್’ ಬಿಟ್ಟು ಅಲ್ಲಿಗೆ ಯಾಕೆ ಕಳಿಸಿದೆ ಮಾರಾಯ, ಯಾರು ಸೈಟ್ ಮಾಡ್ತಾರೆ ಅದನ್ನು, ಎಂದು ಕೇಳಿಯಾರು.

ಈಗ ವೈದ್ಯಕೀಯ ಸಂಶೋಧಕನ ತೂಕ ನೋಡುವುದೇ ಹಾಗೆ. ಎಷ್ಟು ಪ್ರಬಂಧ ಬರೆದ, ಅವನ್ನು ಬೇರೆಯವರು ತಮ್ಮ ಪ್ರಬಂಧಗಳ ಕೊನೆಯ ಪಟ್ಟಿಯಲ್ಲಿ ಎಷ್ಟು ಸಲ ಉಲ್ಲೇಖಿಸಿದರು. ಬಡ್ತಿಗೂ ಅದೇ, ಅನುದಾನಕ್ಕೂ ಅದೇ. ಮಂಗನ ಕಾಯಿಲೆಯ ಕತೆಯನ್ನು ಈ ತಕ್ಕಡಿಗೆ ಹಾಕಿ ನೋಡಿದರೆ ರೋಗಕ್ಕಿಂತ ತಕ್ಕಡಿಯ ಬಗ್ಗೆಯೇ ಹೆಚ್ಚು ತಿಳಿಯುತ್ತದೆ ಎಂಬುದು ನನ್ನ ಅನಿಸಿಕೆ. ಘಟ್ಟದ ಕೆಳಗಿನ ನಮಗೆ ಅದು ದೂರದ ರೋಗವೂ ಅಲ್ಲ. ಕೊಲ್ಲೂರು ಘಾಟಿ ಹತ್ತಿದರೆ ಹೊಸನಗರ, ಸಾಗರ, ಅದರಾಚೆ ಸೊರಬ. ಬ್ರಹ್ಮಾವರದ ಕಡಲ ಬದಿಯವರಿಗೆ ಇದು ಪೇಪರಿನ ಸುದ್ದಿ ಇರಬಹುದು. ಹೊಸಂಗಡಿ, ಅಮಾಸೆಬೈಲು, ಸಿದ್ದಾಪುರ, ಕೊಲ್ಲೂರಿನವರಿಗೆ ಹಾಗಲ್ಲ. ಅವರ ಮನೆ ಹಿಂದಿನ ಕಾಡು ಮೇಲಿನ ಕಾಡಿನದೇ ಮುಂದುವರಿಕೆ.

1957ರ ಮಾರ್ಚ್ ಹೊತ್ತಿಗೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸಾಯುತ್ತಿವೆ ಎಂಬ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಕೆಂಪು ಮುಖದ ಮಂಗವೂ ಸಾಯುತ್ತಿತ್ತು, ಕಪ್ಪು ಮುಖದ ಮುಸಿಯವೂ ಸಾಯುತ್ತಿತ್ತು. ಆಸುಪಾಸಿನ ಹಳ್ಳಿಗಳಲ್ಲಿ ಜನರಿಗೆ ದಿಢೀರನೆ ಜ್ವರ, ತಲೆ ಸಿಡಿಯುವ ನೋವು, ಮೈಕೈ ಹಿಡಿತ, ಕೆಲವರಿಗೆ ರಕ್ತಸ್ರಾವ. ಮೊದಲಿಗೆ ಟೈಫಾಯಿಡ್ ಜಾತಿಯ ಜ್ವರ ಎಂದುಕೊಂಡಿದ್ದರು. ಮಂಗ ಸಾಯುವುದಕ್ಕೂ ಮನುಷ್ಯ ಮಲಗುವುದಕ್ಕೂ ನಂಟಿದೆ ಎಂದು ಹೇಳಿದವರು ಹಳ್ಳಿಯವರೇ. ‘ಮಂಗನ ಕಾಯಿಲೆ’ ಎಂಬ ಹೆಸರು ಅವರದು. ಆ ವರ್ಷ 466 ಮಂದಿಗೆ ರೋಗ ಬಂತು, ಮರುವರ್ಷ 181 ಮಂದಿಗೆ. ಸೋಂಕಿನ ಮೂಲಕ್ಕೆ ಮೊದಲ ಸುಳಿವು ಕೊಟ್ಟವರ ಹೆಸರು ಯಾವ ಪ್ರಬಂಧದ ಲೇಖಕರ ಸಾಲಿನಲ್ಲೂ ಇಲ್ಲ. ಇರುವ ಪದ್ಧತಿಯೂ ಇರಲಿಲ್ಲ ಬಿಡಿ.

ಪುಣೆಯ ಕೇಂದ್ರವನ್ನು 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಕಟ್ಟಿದ್ದವು. ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಆಗ ಅದರ ನಿರ್ದೇಶಕರು ಟೆಲ್‌ಫೋರ್ಡ್ ವರ್ಕ್. ಜೊತೆಗಿದ್ದ ಹೆರಾಲ್ಡ್ ಟ್ರಾಪಿಡೊ ಪನಾಮಾದಲ್ಲಿ ಕೆಲಸ ಮಾಡಿ ಬಂದವರು. ಸತ್ತ ಮಂಗಗಳ ಸುದ್ದಿ ಕೇಳಿ ಇಂಥವರಿಗೆ ಎದೆ ಝಲ್ಲೆಂದದ್ದು ಯಾಕೆಂದರೆ, ದಕ್ಷಿಣ ಅಮೆರಿಕದಲ್ಲಿ ಕಾಡಿನ ಮಂಗ ಸತ್ತರೆ ಹಳದಿ ಜ್ವರ ಬಂತೆಂದೇ ಅರ್ಥ. ಏಷ್ಯಾಕ್ಕೆ ಆ ಜ್ವರ ಎಂದೂ ಕಾಲಿಟ್ಟಿರಲಿಲ್ಲ. ಅದನ್ನು ಹರಡುವ ಸೊಳ್ಳೆ ಮಾತ್ರ ನಮ್ಮ ಊರೂರಲ್ಲಿ ಧಾರಾಳವಾಗಿತ್ತು. ಜನರಿಗೆ ನಿರೋಧ ಶಕ್ತಿ ಕಿಂಚಿತ್ತೂ ಇಲ್ಲ. ಬಂದರೆ ತಡೆಯುವವರು ಯಾರು?

ಕಾಡಿಗೆ ಹೋದರು, ಸತ್ತ ಮತ್ತು ಸಾಯುತ್ತಿದ್ದ ಮಂಗಗಳ ಅಂಗಾಂಶ, ರೋಗಿಗಳ ರಕ್ತ ತಂದರು, ಇಲಿಮರಿಗಳ ಮಿದುಳಿಗೆ ಚುಚ್ಚಿದರು. ಇಲಿಮರಿಗಳು ಕಾಯಿಲೆ ಬಿದ್ದವು, ವೈರಸ್ ಸಿಕ್ಕಿತು. ಸಿಕ್ಕಿದ್ದು ಯಾವುದು ಎಂದು ತಿಳಿಯಲು ಗೊತ್ತಿದ್ದ ವೈರಸ್‌ಗಳ ಪ್ರತಿಕಾಯಗಳ ಜೊತೆ ಒಂದೊಂದಾಗಿ ಇಟ್ಟು ನೋಡಬೇಕು. ಹಳದಿ ಜ್ವರದ್ದು ತಾಳೆಯಾಗಲಿಲ್ಲ. ತಾಳೆಯಾದದ್ದು ಯಾರೂ ನೆನೆಸದ ಕಡೆ: ರಷ್ಯಾದ ವಸಂತ-ಬೇಸಿಗೆಯ ಮಿದುಳು ಜ್ವರದ ಗುಂಪಿನಲ್ಲಿ. ಹಿಮ ಬೀಳುವ ಸೈಬೀರಿಯಾದ ಕಾಡಿನ ವೈರಸ್ಸಿನ ದಾಯಾದಿ ಅಡಿಕೆ ತೋಟಗಳ ಸೀಮೆಯಲ್ಲಿ ಕೂತಿತ್ತು. ಅಲ್ಲಿ ಅದನ್ನು ಹರಡುವುದು ಸೊಳ್ಳೆಯಲ್ಲ, ಉಣುಗು. ಹಾಗಾದರೆ ಇಲ್ಲಿಯೂ ಉಣುಗನ್ನೇ ಹುಡುಕಬೇಕು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ರಷ್ಯಾದ ಆ ರೋಗದ ಬಗ್ಗೆ ಯಾರೋ ಬರೆದಿದ್ದರಿಂದ, ಇನ್ನಾರೋ ಓದಿದ್ದರಿಂದ ಪುಣೆಯವರಿಗೆ ದಾರಿ ಸಿಕ್ಕಿತು. ಉಲ್ಲೇಖ ಎಂಬುದರ ನಿಜವಾದ ಕೆಲಸ ಇದು. ಹಾಗಾದರೆ ಅಲ್ಲಿ ಬರೆದವರ ಗತಿ ಏನಾಯಿತು? 1937ರಲ್ಲಿ ಸೋವಿಯತ್ ದೇಶದ ಪೂರ್ವದಂಚಿನ ಕಾಡಿಗೆ ತಂಡ ಕಟ್ಟಿಕೊಂಡು ಹೋಗಿ, ರೋಗ ಹರಡುವುದು ಉಣುಗು ಎಂದು ಕಂಡುಕೊಂಡವರು ಲೆವ್ ಜಿಲ್ಬರ್. ತಂಡದಲ್ಲಿದ್ದ ಮಿಖಾಯಿಲ್ ಚುಮಕೋವ್‌ಗೆ ಸೋಂಕು ತಗಲಿ ಕಿವಿ ಮಂದವಾಯಿತು, ಒಂದು ತೋಳು ಸ್ವಾಧೀನ ತಪ್ಪಿತು. ಜಿಲ್ಬರ್ ವಾಪಸು ಬಂದದ್ದೇ ತಡ, ಸ್ಟಾಲಿನ್ನನ ಪೊಲೀಸರು ಹಿಡಿದುಕೊಂಡು ಹೋದರು. 1941ರಲ್ಲಿ ಈ ಸಂಶೋಧನೆಗೆ ಸ್ಟಾಲಿನ್ ಬಹುಮಾನ ಬಂದಾಗ ಪಡೆದವರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಪ್ರಬಂಧಗಳ ಪಟ್ಟಿ ನೋಡಿ ವಿಜ್ಞಾನಿಯನ್ನು ಅಳೆಯುವವರು, ಕೆಲವು ಪಟ್ಟಿಗಳು ಜೈಲಿನ ಕಾರಣಕ್ಕೂ ಚಿಕ್ಕವಾಗಿರುತ್ತವೆ ಎಂದು ನೆನಪಿಟ್ಟುಕೊಂಡರೆ ಒಳ್ಳೆಯದು.

ಸಾಗರದಲ್ಲಿ ಕ್ಷೇತ್ರ ಕೇಂದ್ರ ತೆರೆದರು. ಉಣುಗು ಹಿಡಿಯುವ ವಿಧಾನ ಕೇಳಿದರೆ ಇಷ್ಟೇನಾ ಎನಿಸುತ್ತದೆ. ಕೋಲಿಗೆ ಕಟ್ಟಿದ ಬಿಳಿ ಫ್ಲಾನೆಲ್ ಬಟ್ಟೆಯನ್ನು ತರಗೆಲೆಯ ಮೇಲೆ, ಪೊದೆಗಳ ಬುಡದಲ್ಲಿ ಎಳೆದುಕೊಂಡು ನಡೆಯುವುದು. ದನವೋ ಮನುಷ್ಯನೋ ಹೋಯಿತೆಂದು ಉಣುಗಿನ ಮರಿಗಳು ಬಟ್ಟೆಗೆ ಅಂಟಿಕೊಳ್ಳುತ್ತವೆ. ನಿಂತು, ಬಟ್ಟೆ ತಿರುಗಿಸಿ, ಕಣ್ಣಿಗೆ ಬೀಳುವುದೇ ಕಷ್ಟವಾದ ಆ ಕಂದು ಚುಕ್ಕೆಗಳನ್ನು ಹೆಕ್ಕಿ ನಳಿಕೆಗೆ ಹಾಕಬೇಕು, ಜಾತಿ ಗುರುತಿಸಬೇಕು, ಗುಂಪು ಮಾಡಿ ಅರೆದು ಮತ್ತೆ ಇಲಿಮರಿಗೆ ಚುಚ್ಚಬೇಕು. ಡಿಸೆಂಬರಿನಿಂದ ಮೇ ತನಕ ಇದೇ ಕೆಲಸ. ಹೆಕ್ಕುವವರ ಕಾಲಿಗೂ ಅದೇ ಉಣುಗು ಹತ್ತುತ್ತದೆ ಎಂಬುದು ಬೇರೆ ಮಾತು. ಹೀಗೆ ‘ಹೀಮಫೈಸಾಲಿಸ್’ ಕುಲದ ಉಣುಗುಗಳಲ್ಲಿ ವೈರಸ್ ಸಿಕ್ಕಿದ್ದನ್ನು 1959ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ನಲ್ಲಿ ವರದಿ ಮಾಡಿದರು, ಮುಖ್ಯ ಆರೋಪಿ ‘ಸ್ಪಿನಿಜೆರಾ’ ಎಂಬ ಜಾತಿ. ‘ಕ್ಯಾಸನೂರು ಕಾಡಿನ ರೋಗ, ಭಾಗ 8’ ಎಂದು ಅದರ ತಲೆಬರಹ. ಧಾರಾವಾಹಿಯ ಹಾಗೆ ಭಾಗ ಭಾಗವಾಗಿ ಬರೆಯುತ್ತಿದ್ದರು. ಅದರ ಲೇಖಕರಲ್ಲಿ ಎರಡನೆಯವರು ಪಿ. ಕೆ. ರಾಜಗೋಪಾಲನ್, ಮುಂದೆ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರವನ್ನು ನಡೆಸಿದವರು.

ತಪ್ಪು ದಾರಿಗಳೂ ಇದ್ದವು. ರಷ್ಯಾದ ದಾಯಾದಿ ಎಂದ ಮೇಲೆ ಆ ರೋಗದ ಲಸಿಕೆ ಇಲ್ಲಿಯೂ ನಡೆದೀತೆಂದು ಹಳ್ಳಿಗಳಲ್ಲಿ ಕೊಟ್ಟು ನೋಡಿದರು, ಪ್ರಯೋಜನವಾಗಲಿಲ್ಲ. ಸೈಬೀರಿಯಾದಿಂದ ಬರುವ ವಲಸೆ ಹಕ್ಕಿಗಳ ಮೈಮೇಲಿನ ಉಣುಗು ಇದನ್ನು ತಂದಿರಬಹುದೇ ಎಂಬ ಶಂಕೆಯೂ ಇತ್ತು. ಅದರ ಬೆನ್ನಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಮತ್ತು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸಕ್ಕಿಳಿದರು. ಭಾರತದ ಪಕ್ಷಿ ವಲಸೆಯ ಬಗ್ಗೆ ನಮಗೆ ಇವತ್ತು ಗೊತ್ತಿರುವುದರಲ್ಲಿ ಒಂದಿಷ್ಟು ಪಾಲು ಸೊರಬದ ಸತ್ತ ಮಂಗಗಳಿಗೆ ಸಲ್ಲಬೇಕು.

ಗಂಟು ಬಿಡಿಸಿದವರಲ್ಲಿ ನನಗೆ ಹೆಚ್ಚು ಇಷ್ಟವಾಗುವವರು ಹೋರ್ಹೆ ಬೋಶೆಲ್. ಕೊಲಂಬಿಯಾದವರು. ಅಲ್ಲಿನ ಕಾಡಿನಲ್ಲಿ ಮರ ಕಡಿಯುವವರ ಪಕ್ಕ ನಿಂತಿದ್ದಾಗ, ಮರ ಉರುಳಿದ ಕೂಡಲೇ ನೆತ್ತಿಯ ಮೇಲಿದ್ದ ನೀಲಿ ಸೊಳ್ಳೆಗಳು ಕೆಳಗೆ ಬಂದು ಜನರನ್ನು ಮುತ್ತಿದ್ದನ್ನು ಕಂಡಿದ್ದರು. ಕಾಡಿನ ಹಳದಿ ಜ್ವರ ಮರ ಕಡಿಯುವವರಿಗೇ ಏಕೆ ಬರುತ್ತದೆ ಎಂಬುದಕ್ಕೆ ಅದು ಉತ್ತರವಾಗಿತ್ತು. ಅದೇ ಕಣ್ಣನ್ನು ಸಾಗರಕ್ಕೆ ತಂದರು. 1969ರ ಅವರ ಪ್ರಬಂಧ ಹೇಳುವುದನ್ನು ನಮ್ಮ ಮಾತಲ್ಲಿ ಹೇಳುವುದಾದರೆ ಹೀಗೆ: ವೈರಸ್ ಹೊರಗಿನಿಂದ ಬಂದದ್ದಲ್ಲ, ಕಾಡಿನ ಇಲಿ, ಮೂಗಿಲಿ, ಉಣುಗುಗಳ ನಡುವೆ ಸದ್ದಿಲ್ಲದೆ ಇದ್ದದ್ದು. ಜನ ಕಾಡು ಕಡಿದು ಗದ್ದೆ ಮಾಡಿದರು, ದನಗಳನ್ನು ಕಾಡಿಗೆ ಬಿಟ್ಟರು. ದನದ ಮೈಯಲ್ಲಿ ವೈರಸ್ ಬೆಳೆಯುವುದು ಅಷ್ಟಕ್ಕಷ್ಟೇ. ಆದರೆ ಬೆಳೆದ ಉಣುಗಿಗೆ ದನದ ರಕ್ತ ಹಬ್ಬದೂಟ. ಉಂಡು ಬಿದ್ದ ಒಂದೊಂದು ಉಣುಗು ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಕಾಡಂಚಿನಲ್ಲಿ ಉಣುಗು ಹೆಚ್ಚಿತು, ಮಂಗಗಳಿಗೆ ಹತ್ತಿತು, ಮಂಗ ಸತ್ತು ಬಿದ್ದಲ್ಲಿ ಸೋಂಕಿನ ಉಣುಗೆಲ್ಲ ಕಳಚಿಕೊಂಡು ಆ ಜಾಗವೇ ಅಪಾಯದ ತಾಣವಾಯಿತು. ಸೊಪ್ಪು ತರಲು, ತರಗೆಲೆ ಗುಡಿಸಲು ಹೋದವರು ಅಲ್ಲಿ ಕಾಲಿಟ್ಟರು.

ಹಟ್ಟಿಗೆ ತರಗೆಲೆ ಹಾಸಿ ಗೊಬ್ಬರ ಮಾಡುವ ಕುಂದಾಪುರ, ಬೈಂದೂರಿನ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಡಿಗೆ ಹೋಗದೆ ಬೇಸಾಯವೇ ಇಲ್ಲ.

ಈಗ ತಕ್ಕಡಿಯ ವಿಷಯಕ್ಕೆ ಬರೋಣ. ವರ್ಕ್ ಮತ್ತು ಟ್ರಾಪಿಡೊ ಬರೆಯುತ್ತಿದ್ದ ಹೊತ್ತಿಗೆ ವಿಜ್ಞಾನಕ್ಕೆ ಉಲ್ಲೇಖಗಳ ಸೂಚಿ ಮಾಡುವ ಯೋಚನೆಗೆ ಎರಡೇ ವರ್ಷ ವಯಸ್ಸು. ಫಿಲಡೆಲ್ಫಿಯಾದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದನ್ನು ಮಂಡಿಸಿದ್ದರು. ಮಾದರಿ ಸಿಕ್ಕಿದ್ದು ವಕೀಲರಿಂದ. ಹಳೆಯ ತೀರ್ಪೊಂದನ್ನು ಮುಂದೆ ಯಾವ ಕೋರ್ಟು ಎತ್ತಿ ಹಿಡಿಯಿತು, ಯಾವುದು ತಳ್ಳಿಹಾಕಿತು ಎಂದು ಹುಡುಕಲು ಅಮೆರಿಕದ ವಕೀಲರ ಬಳಿ 1873ರಿಂದ ‘ಶೆಪರ್ಡ್ಸ್’ ಎಂಬ ಸೂಚಿ ಇತ್ತು. ವಿಜ್ಞಾನಕ್ಕೂ ಅಂಥದ್ದೊಂದು ಬೇಕು ಎಂದರು ಗಾರ್ಫೀಲ್ಡ್. 1961ರ ಸಾಹಿತ್ಯವನ್ನು ಹಿಡಿದು 613 ಪತ್ರಿಕೆಗಳ 14 ಲಕ್ಷ ಉಲ್ಲೇಖಗಳನ್ನು ಸೇರಿಸಿ ಮೊದಲ ಸೂಚಿ ಹೊರತಂದರು. ಅವರ ಉದ್ದೇಶ ಮನುಷ್ಯರಿಗೆ ಅಂಕ ಕೊಡುವುದಲ್ಲ, ಒಂದು ವಿಚಾರ ಮುಂದೆ ಎಲ್ಲೆಲ್ಲಿ ಹೋಯಿತೆಂದು ಜಾಡು ಹಿಡಿಯುವುದು.

ಆ ಕೆಲಸಕ್ಕೆ ಅದು ಎಷ್ಟು ಒಳ್ಳೆಯದೆಂಬುದಕ್ಕೆ ಕೋಲ್ಕತ್ತದ ಶಂಭುನಾಥ ಡೇ ಸಾಕ್ಷಿ. ಕಾಲರಾದ ಬ್ಯಾಕ್ಟೀರಿಯಾ ಕರುಳಿನಲ್ಲಿ ವಿಷ ಕಾರುತ್ತದೆ ಎಂದು ಮೊಲದ ಕರುಳಿನ ತುಂಡು ಕಟ್ಟಿ ತೋರಿಸಿದವರು. 1959ರಲ್ಲಿ ‘ನೇಚರ್’ನಲ್ಲಿ ಪ್ರಬಂಧ ಬಂದಿತ್ತು. ದೇಶದಲ್ಲಿ ಯಾರೂ ಕ್ಯಾರೇ ಅನ್ನಲಿಲ್ಲ. ಕಾಲರಾ ಸಂಶೋಧನೆಯ ಉಲ್ಲೇಖಗಳ ನಕ್ಷೆ ಹಾಕುತ್ತ ಹೋದ ಗಾರ್ಫೀಲ್ಡ್‌ಗೆ ದಾರಿಗಳೆಲ್ಲ ಈ ಮನುಷ್ಯನ ಬಳಿಗೆ ಬರುವುದು ಕಂಡಿತು. 1986ರಲ್ಲಿ ಆ ಬಗ್ಗೆ ಬರೆದರು. ಡೇ ತೀರಿಕೊಂಡು ಒಂದು ವರ್ಷವಾಗಿತ್ತು. ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ 1990ರಲ್ಲಿ ಅವರಿಗಾಗಿ ವಿಶೇಷ ಸಂಚಿಕೆ ತಂದಿತು.

ಅಂಕ ಕೊಡುವ ಚಟ ಬಲಿತದ್ದು ಆಮೇಲೆ. 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ‘ಎಚ್-ಇಂಡೆಕ್ಸ್’ ಹೊರಡಿಸಿದರು. ತಲಾ ಇಪ್ಪತ್ತಕ್ಕೆ ಕಡಿಮೆಯಿಲ್ಲದಷ್ಟು ಉಲ್ಲೇಖ ಪಡೆದ ಇಪ್ಪತ್ತು ಪ್ರಬಂಧಗಳಿದ್ದರೆ ನಿಮ್ಮ ಎಚ್ 20. ಲೆಕ್ಕ ಸುಲಭ, ಆದ್ದರಿಂದಲೇ ಎಲ್ಲರೂ ಹಿಡಿದುಕೊಂಡರು. ಇದರಲ್ಲಿ ವಿಷಯದ ಭೇದವಿಲ್ಲ. ಟ್ರಾಪಿಡೊ ಪಿಎಚ್.ಡಿ. ಮಾಡಿದ್ದು ಉಣುಗಿನ ಮೇಲಲ್ಲ, ಅಮೆರಿಕದ ಒಂದು ಬಗೆಯ ಪುಟ್ಟ ಹಾವುಗಳ ಮೇಲೆ. 1944ರ ಆ ಪ್ರಬಂಧವನ್ನು ಹಾವಿನ ತಜ್ಞರು ಈಗಲೂ ನೆನೆಯುತ್ತಾರೆ. ಹಾವೂ ಮಂಗವೂ ಒಂದೇ ಖಾತೆಗೆ ಜಮಾ.

ಖಾತೆಯಾದರೂ ಸರಿಯಾಗಿರುತ್ತದೆಯೇ? ರೋಗಿಗಳ ಲಕ್ಷಣಗಳನ್ನು ಮೊದಲು ವಿವರಿಸಿದ 1957ರ ಮೂರನೆಯ ಪ್ರಬಂಧಕ್ಕೆ ಆರು ಲೇಖಕರು: ವರ್ಕ್, ಟ್ರಾಪಿಡೊ, ಡಿ. ಪಿ. ನರಸಿಂಹಮೂರ್ತಿ, ಆರ್. ಲಕ್ಷ್ಮಣರಾವ್, ಪಿ. ಎನ್. ಭಟ್, ಕೆ. ಜಿ. ಕುಲಕರ್ಣಿ. ವರ್ಕ್ ಯಾವ ಸೂಚಿಯಲ್ಲೂ ವರ್ಕೇ. ನರಸಿಂಹಮೂರ್ತಿಯವರು ಒಂದು ಕಡೆ ‘ಮೂರ್ತಿ’, ಇನ್ನೊಂದು ಕಡೆ ‘ನರಸಿಂಹ’. ಲಕ್ಷ್ಮಣರಾಯರು ಸಾವಿರಾರು ರಾಯರೊಳಗೆ ಒಬ್ಬರು. ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಶೆಟ್ರೇ’ ಎಂದು ಕೂಗಿದರೆ ಎಷ್ಟು ತಲೆ ತಿರುಗೀತೋ ಅಷ್ಟೇ ಗೊಂದಲ ಈ ಸೂಚಿಗಳಲ್ಲಿ. ಭಟ್, ರಾವ್, ನಾಯಕ್, ಶೆಟ್ಟಿ ಎಂದು ಹುಡುಕಿದ ಕರಾವಳಿಯ ಯಾವ ವೈದ್ಯನಿಗೂ ಇದು ಗೊತ್ತು. 2012ರಿಂದ ಒಬ್ಬೊಬ್ಬ ಸಂಶೋಧಕನಿಗೂ ಒಂದು ಸಂಖ್ಯೆ ಕೊಡುವ ‘ಆರ್ಕಿಡ್’ ವ್ಯವಸ್ಥೆ ಬಂದಿದೆ. ಅದಕ್ಕೂ ಹಿಂದಿನವರನ್ನು ಹೆಕ್ಕಿ ತೆಗೆಯುವವರು ಯಾರು? ಇನ್ನು 2015ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಹೊರಡಿಸಿದ ಸುತ್ತೋಲೆಯಂತೆ, ಮೆಡಿಕಲ್ ಕಾಲೇಜಿನ ಬಡ್ತಿಗೆ ಮೊದಲ ಇಬ್ಬರು ಲೇಖಕರಿಗಷ್ಟೇ ಪ್ರಬಂಧ ಲೆಕ್ಕಕ್ಕೆ ಸಿಗುತ್ತಿತ್ತು. ಆ ನಿಯಮ 1957ರಲ್ಲಿದ್ದಿದ್ದರೆ ಇಬ್ಬರು ಅಮೆರಿಕನ್ನರಿಗೆ ಅಂಕ, ನಾಲ್ವರು ಭಾರತೀಯರಿಗೆ ಸೊನ್ನೆ.

ಇದಕ್ಕಿಂತ ದೊಡ್ಡ ತೊಡಕು ಬೇರೆ. ಒಂದು ಪ್ರಬಂಧಕ್ಕೆ ಎಷ್ಟು ಉಲ್ಲೇಖ ಎಂಬುದು ಆ ವಿಷಯದ ಮೇಲೆ ಜಗತ್ತಿನಲ್ಲಿ ಎಷ್ಟು ಜನ ಬರೆಯುತ್ತಿದ್ದಾರೆ ಎಂಬುದರ ಮೇಲೆ ನಿಂತಿದೆ. ಸಕ್ಕರೆ ಕಾಯಿಲೆಯ ಮೇಲೆ ಲಕ್ಷ ಜನ ಬರೆಯುತ್ತಾರೆ. ಮಂಗನ ಕಾಯಿಲೆಯ ಮೇಲೆ ಬರೆಯುವವರು ಪುಣೆ, ಶಿವಮೊಗ್ಗ, ಮಣಿಪಾಲ, ಬೆಂಗಳೂರು ಸೇರಿಸಿದರೂ ಬೆರಳೆಣಿಕೆ. ಅದರ ಮೇಲೆ ಪ್ರಯೋಗಾಲಯದಲ್ಲಿ ಇದು ಅಪಾಯದ ವೈರಸ್. ಪುಣೆಯಲ್ಲಿ ಕೆಲಸ ಮಾಡುವವರಿಗೇ ಸೋಂಕು ತಗಲಿತ್ತು. ಅತ್ಯಂತ ಬಿಗಿ ಭದ್ರತೆಯ ‘ಬಿಎಸ್‌ಎಲ್-4’ ಪ್ರಯೋಗಾಲಯ ಅಲ್ಲಿ ಶುರುವಾದದ್ದು 2012ರಲ್ಲಿ. ಕೆಲಸ ಮಾಡಲಾಗದಿದ್ದರೆ ಪ್ರಬಂಧ ಎಲ್ಲಿಂದ ಬರಬೇಕು, ಉಲ್ಲೇಖ ಎಲ್ಲಿಂದ ಬರಬೇಕು?

ರೋಗ ಮಾತ್ರ ಪ್ರಬಂಧಗಳಿಗಾಗಿ ಕಾಯಲಿಲ್ಲ. 1982-83ರಲ್ಲಿ ಘಟ್ಟ ಇಳಿದು ಬೆಳ್ತಂಗಡಿಯ ಕಾಡಿಗೆ ಬಂತು. ಗೇರು ನೆಡಲು ಕಾಡು ಸವರಿದ ಜಾಗದಲ್ಲಿ ಅದು ಕಾಣಿಸಿಕೊಂಡಿತು. ಬೋಶೆಲ್ ಹದಿಮೂರು ವರ್ಷ ಮುಂಚೆ ಬರೆದಿಟ್ಟದ್ದು ಅಕ್ಷರಶಃ ನಡೆಯಿತು. 1983ರಲ್ಲಿ 1,555 ಮಂದಿಗೆ ರೋಗ ಬಂದು 150 ಜನ ಸತ್ತರು. ಗೇರು ತೋಟಕ್ಕೆ ಜಾಗ ಗುರುತಿಸಿದವರಲ್ಲಿ ಯಾರಾದರೂ ಆ ಪ್ರಬಂಧ ಓದಿದ್ದರೇ ಎಂಬ ಪ್ರಶ್ನೆಗೆ ಯಾವ ಸೂಚ್ಯಂಕದಲ್ಲೂ ಉತ್ತರವಿಲ್ಲ.

ಹೊರಗಿನ ಜಗತ್ತಿನ ಆಸಕ್ತಿ ಕೆರಳಿದ್ದು ಬೇರೆ ಕಾರಣಗಳಿಗೆ. 1995ರಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಮಾಂಸದಂಗಡಿಯವರಿಗೆ ಬಂದ ಜ್ವರದಲ್ಲಿ ಸಿಕ್ಕ ‘ಅಲ್‌ಖುರ್ಮಾ’ ವೈರಸ್ ನಮ್ಮ ಕ್ಯಾಸನೂರಿನದರ ಹತ್ತಿರದ ನೆಂಟ. ಅಮೆರಿಕ ತನ್ನ ಜೈವಿಕ ಅಸ್ತ್ರದ ಭಯದ ಪಟ್ಟಿಗೆ ಕ್ಯಾಸನೂರು ವೈರಸ್ಸನ್ನೂ ಸೇರಿಸಿತು. 2009ರಲ್ಲಿ ಚೀನಾದ ಯುನ್ನಾನ್‌ನ ರೋಗಿಯೊಬ್ಬರಲ್ಲಿ 1989ರಲ್ಲೇ ಇದು ಸಿಕ್ಕಿತ್ತೆಂಬ ವರದಿ ಬಂತು. ಅದರ ಜೀನ್ ನೋಡಿದರೆ 1957ರಲ್ಲಿ ಪುಣೆಯವರು ಬೇರ್ಪಡಿಸಿದ ‘ಪಿ9605’ ತಳಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವೇ ಇಲ್ಲ. ಅಷ್ಟು ದೂರದಲ್ಲಿ, ಅಷ್ಟು ವರ್ಷ ಬದಲಾಗದೆ ಉಳಿಯುವ ವೈರಸ್ ಉಂಟೇ, ಅಥವಾ ಪ್ರಯೋಗಾಲಯದ ಬೆರಕೆಯೇ ಎಂದು ತಜ್ಞರು ಅನುಮಾನಿಸಿದರು. ಅನುಮಾನಿಸಲಿಕ್ಕೂ ಉಲ್ಲೇಖಿಸಲೇಬೇಕಲ್ಲ! ಸೂಚಿಯಲ್ಲಿ ಹೊಗಳಿಕೆಗೂ ಒಂದೇ ಅಂಕ, ಗುಮಾನಿಗೂ ಒಂದೇ ಅಂಕ. ವಕೀಲರ ‘ಶೆಪರ್ಡ್ಸ್’ ಎತ್ತಿ ಹಿಡಿದದ್ದು ಯಾವುದು, ತಳ್ಳಿದ್ದು ಯಾವುದು ಎಂದು ಬೇರೆ ಮಾಡಿ ತೋರಿಸುತ್ತಿತ್ತು. ನಕಲು ಮಾಡುವಾಗ ಆ ಗುಣವೇ ಕೈಬಿಟ್ಟಿತು.

ಪರಿಣಾಮ ಎಂದರೆ ಏನೆಂದು ಕೇಳಿದರೆ ನಾನು ತೋರಿಸುವುದು 2013ರ ಒಂದು ಪ್ರಬಂಧವನ್ನು. ಕೋಳಿಮೊಟ್ಟೆಯ ಭ್ರೂಣಕೋಶದಲ್ಲಿ ವೈರಸ್ ಬೆಳೆಸಿ, ಕೊಂದು ಮಾಡಿದ ಲಸಿಕೆಯನ್ನು ನಮ್ಮ ಆರೋಗ್ಯ ಇಲಾಖೆ ವರ್ಷಗಟ್ಟಲೆ ಕೊಡುತ್ತ ಬಂದಿತ್ತು. ಎರಡು ಡೋಸಿಗೆ ಶೇಕಡಾ 93.5 ರಕ್ಷಣೆ ಎಂದು 1994ರ ವರದಿ ಹೇಳಿತ್ತು. ಶಿವಮೊಗ್ಗದಲ್ಲಿ ಕೆಲಸ ಮಾಡುತ್ತಿದ್ದ ಡಾ. ಜಿ. ಎಸ್. ಕಸಬಿ ಮತ್ತು ಸಂಗಡಿಗರು 2005ರಿಂದ 2010ರ ತನಕದ ಇಲಾಖೆಯ ದಾಖಲೆಗಳನ್ನೇ ಹರವಿಕೊಂಡು ಮತ್ತೆ ಲೆಕ್ಕ ಹಾಕಿದರು. ಎರಡು ಡೋಸಿಗೆ ಸಿಕ್ಕಿದ್ದು 62.4, ಬೂಸ್ಟರ್ ಸೇರಿದರೆ 82.9. ಲಸಿಕೆ ಹಾಕಿಸಿಕೊಂಡವರ ಪ್ರಮಾಣವೂ ಕಡಿಮೆ. ಹೊಸ ಯಂತ್ರವಿಲ್ಲ, ಹೊಸ ವೈರಸ್ಸಿಲ್ಲ. ರಿಜಿಸ್ಟರುಗಳು, ಊರಿನ ಪಟ್ಟಿಗಳು, ತಾಳ್ಮೆ. 2022ರಲ್ಲಿ ಆ ಲಸಿಕೆ ನಿಂತೇ ಹೋಯಿತು. ಸಂಶೋಧಕನೊಬ್ಬ ತಾನಿರುವ ಜಿಲ್ಲೆಯ ಜನರಿಗೆ ಬೇಕಾದ ಪ್ರಶ್ನೆಯನ್ನು ಕೇಳಿ ಉತ್ತರ ಕೊಟ್ಟರೆ ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

2019ರ ಜನವರಿಯಲ್ಲಿ ಸಾಗರದ ಅರಳಗೋಡಿನಲ್ಲಿ ಜನ ಸಾಯತೊಡಗಿದಾಗ ಎಷ್ಟೋ ರೋಗಿಗಳನ್ನು ಘಟ್ಟ ಇಳಿಸಿ ಮಣಿಪಾಲಕ್ಕೆ ತಂದರು. ಅದೇ ದಿನಗಳಲ್ಲಿ ಕುಂದಾಪುರ, ಬೈಂದೂರು ಸೀಮೆಯ ಕಾಡಂಚಿನಲ್ಲೂ ಸತ್ತ ಮಂಗಗಳು ಸಿಕ್ಕಿ, ಕೆಲವುಗಳಲ್ಲಿ ವೈರಸ್ ಇರುವುದು ಪತ್ತೆಯಾಯಿತು. ಮಂಗ ಬಿದ್ದ ಜಾಗದ ಸುತ್ತ 50 ಮೀಟರ್ ತನಕ ಮೆಲಾಥಿಯಾನ್ ಪುಡಿ ಎರಚಿದರು. ಕಾಡಿಗೆ ಹೋಗುವವರಿಗೆ ಆಶಾ ಕಾರ್ಯಕರ್ತೆಯರು ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ ಹಂಚಿದರು, ವಾಪಸು ಬಂದು ಬಿಸಿನೀರಲ್ಲಿ ಮೀಯಿರಿ, ಬಟ್ಟೆ ಬೇರೆ ಒಗೆಯಿರಿ ಎಂದು ಮನೆಮನೆಗೆ ಹೇಳಿದರು. ಆ ಸೂಚನೆಗಳ ಹಿಂದಿರುವುದು ಫ್ಲಾನೆಲ್ ಬಟ್ಟೆ ಎಳೆದವರ ಪ್ರಬಂಧಗಳೇ. ಅವನ್ನು ಬಳಸಿದ ಆಶಾ ಕಾರ್ಯಕರ್ತೆಯರು ಪ್ರಬಂಧ ಬರೆಯುವುದಿಲ್ಲವಾದ್ದರಿಂದ ಬೋಶೆಲ್‌ರ ಖಾತೆಗೆ ಆ ವರ್ಷ ಅವರಿಂದ ಜಮೆಯಾದ ಉಲ್ಲೇಖ ಒಂದೂ ಇಲ್ಲ.